ವಚನದ ಕೊನೆಯ ಸಾಲನ್ನು ಕತ್ತರಿಸಬೇಡಿ

ಸಂಪಾದಕರಿಗೆ,

ಮಾನ್ಯರೆ,

ನಿಮ್ಮ ಪತ್ರಿಕೆಯಲ್ಲಿ ದಿನವೂ ಚೌಕದೊಳಗೆ ಅಚ್ಚಾಗುವ ವಚನದ ಸಾಲುಗಳನ್ನು ತಪ್ಪದೆ ಓದುವವರಲ್ಲಿ ನಾನೂ ಒಬ್ಬ. ಈಚೆಗೆ ಭಾನುವಾರದ ಪುರವಣಿಯಲ್ಲಿ ಅನುಭಾವ ಕಾವ್ಯ (ದೈವದ ನೇರ ಅನುಭವದಿಂದ ಹುಟ್ಟಿದ ಕಾವ್ಯ) ಮತ್ತು ಆಧ್ಯಾತ್ಮಿಕ ಜಾಗೃತಿಯ ಬಗ್ಗೆ ಬಂದ ಲೇಖನದಲ್ಲೂ ಅಂಥ ಬಿಡಿ ಸಾಲುಗಳೇ ಹೇರಳವಾಗಿದ್ದವು. ಜಾಗೃತಿಯೆಂದರೆ ಒಮ್ಮೆ ಬಂದು ನೆಲೆಸುವ ನೆಮ್ಮದಿ, ಅದನ್ನು ಪಡೆದವರು ಆ ಸುಖವನ್ನು ಹಾಡಿದ್ದೇ ಅನುಭಾವ ಕಾವ್ಯ ಎಂಬುದು ಲೇಖನದ ಧಾಟಿ. ಅದಕ್ಕೆ ಆಧಾರವಾಗಿ ಎತ್ತಿಕೊಂಡ ಸಾಲುಗಳನ್ನು ಮತ್ತೆ ಅವುಗಳ ವಚನದೊಳಗೆ ಇಟ್ಟು ಓದಿದರೆ ಅವು ಈ ಧಾಟಿಗೆ ಒಗ್ಗುವುದಿಲ್ಲ ಎಂಬುದನ್ನು ತೋರಿಸುವುದು ಈ ಪತ್ರದ ಉದ್ದೇಶ. ವಚನಕಾರರನ್ನು ಹಿಂದೂ ಅನುಭಾವಿಗಳ ಸಾಲಿಗೆ ಸೇರಿಸಬೇಕೇ ಬೇಡವೇ ಎಂಬ ವಾದ ನಾಡಿನಲ್ಲಿ ನಡೆದೇ ಇದೆ; ನಿಮ್ಮ ಲೇಖಕರು ಅವರನ್ನು ತಮಿಳಿನ ಆಳ್ವಾರರ, ಕಾಶ್ಮೀರದ ಲಲ್ಲೇಶ್ವರಿಯ, ಮಹಾರಾಷ್ಟ್ರದ ತುಕಾರಾಮನ ಜೊತೆಗಿಟ್ಟು ನೋಡಿರುವುದರಿಂದ ನಾನೂ ಆ ಜಗಳಕ್ಕೆ ಹೋಗದೆ ಅದೇ ಚೌಕಟ್ಟಿನಲ್ಲಿ ಬರೆಯುತ್ತಿದ್ದೇನೆ.

ಎಲ್ಲರಿಗೂ ಬಾಯಿಪಾಠವಾಗಿರುವ ವಚನವನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ‘ಎತ್ತಣ ಮಾಮರ ಎತ್ತಣ ಕೋಗಿಲೆ, ಎತ್ತಣಿಂದೆತ್ತ ಸಂಬಂಧವಯ್ಯಾ’ ಎಂಬ ಅಲ್ಲಮಪ್ರಭುವಿನ ಸಾಲನ್ನು ಮದುವೆಯ ಕರೆಯೋಲೆಗಳಲ್ಲಿ ಕಂಡಿದ್ದೇನೆ, ಬೀಳ್ಕೊಡುಗೆಯ ಭಾಷಣಗಳಲ್ಲಿ ಕೇಳಿದ್ದೇನೆ. ಎಲ್ಲಿಯವರೋ ಎಲ್ಲಿಯೋ ಕೂಡಿದ ಋಣಾನುಬಂಧಕ್ಕೆ ಅದು ಈಗ ಗಾದೆಯಾಗಿಬಿಟ್ಟಿದೆ. ನಿಮ್ಮ ಲೇಖಕರು ಅದನ್ನು ಜಗತ್ತಿನೊಂದಿಗೆ ಒಂದಾಗುವ ಆನಂದಕ್ಕೆ ಸಾಕ್ಷಿಯಾಗಿ ಕೊಟ್ಟಿದ್ದಾರೆ. ವಚನ ಅಲ್ಲಿಗೆ ನಿಲ್ಲುವುದಿಲ್ಲ. ಬೆಟ್ಟದ ನೆಲ್ಲಿಕಾಯಿ, ಸಮುದ್ರದೊಳಗಣ ಉಪ್ಪು ಎಂಬ ಎರಡನೆಯ ಜೋಡಿಯನ್ನು ಹಾದು, ‘ಗುಹೇಶ್ವರಲಿಂಗಕ್ಕೆಯೂ ಎನಗೆಯೂ ಎತ್ತಣಿಂದೆತ್ತ ಸಂಬಂಧವಯ್ಯಾ’ ಎಂಬಲ್ಲಿ ಅದು ಮುಗಿಯುತ್ತದೆ. ಮಾವು ಮತ್ತು ಕೋಗಿಲೆ ಚೈತ್ರದಲ್ಲಿ ಕೂಡುವುದನ್ನು ಕಿವಿ ಬಲ್ಲುದು. ನೆಲ್ಲಿ ಮತ್ತು ಉಪ್ಪು ಕೂಡಿದ್ದನ್ನು ನಾಲಗೆ ಬಲ್ಲುದು. ಮೂರನೆಯ ಜೋಡಿಯ ಕೂಟವನ್ನು ಬಲ್ಲುದು ಯಾವುದು ಎಂಬುದಕ್ಕೆ ಮಾತ್ರ ವಚನ ಉತ್ತರ ಕೊಡುವುದಿಲ್ಲ. ‘ಸಂಬಂಧವಯ್ಯಾ’ ಎಂಬುದನ್ನು ಬೆರಗಿನಿಂದಲೂ ಓದಬಹುದು, ಸಂಬಂಧವೆಂಬುದೇ ಇಲ್ಲವೆಂಬ ನಿರಾಕರಣೆಯಾಗಿಯೂ ಓದಬಹುದು. ಈ ಎರಡರ ನಡುವೆ ಓದುಗನನ್ನು ನಿಲ್ಲಿಸಿ ಅಲ್ಲಮ ಮಾತು ಮುಗಿಸುತ್ತಾನೆ. ಕೊನೆಯ ಸಾಲು ಹೋದರೆ ಉಳಿಯುವುದು ಚೆಂದದ ಎರಡು ಉಪಮೆಗಳು ಮಾತ್ರ.

ಇದಕ್ಕಿಂತಲೂ ಹೆಚ್ಚು ಸವೆದುಹೋಗಿರುವುದು ‘ಕಾಯಕವೇ ಕೈಲಾಸ’ ಎಂಬ ಎರಡು ಪದ. ಕಚೇರಿಗಳ ಗೋಡೆಯ ಮೇಲೆ ಬಸವಣ್ಣನವರ ಚಿತ್ರದ ಕೆಳಗೆ ಅದನ್ನು ಬರೆಸುವವರು, ಅದು ಆಯ್ದಕ್ಕಿ ಮಾರಯ್ಯನ ವಚನದ ಮಾತು ಎಂಬುದನ್ನು ಮರೆತಿದ್ದಾರೆ. ‘ಕಾಯಕದಲ್ಲಿ ನಿರತನಾದಡೆ ಗುರುದರ್ಶನವಾದಡೂ ಮರೆಯಬೇಕು, ಲಿಂಗಪೂಜೆಯಾದಡೂ ಮರೆಯಬೇಕು’ ಎಂದು ಆ ವಚನ ಆರಂಭವಾಗುತ್ತದೆ. ಜಂಗಮ ಮುಂದೆ ಬಂದು ನಿಂತಿದ್ದರೂ ಅವನ ಹಂಗನ್ನು ಹರಿಯಬೇಕು ಎಂದು ಮುಂದುವರಿದು, ಅಮರೇಶ್ವರಲಿಂಗವೇ ಆದರೂ ಅದು ಕಾಯಕದೊಳಗು ಎಂಬಲ್ಲಿಗೆ ಬಂದು ಮುಟ್ಟುತ್ತದೆ. ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ ಒಬ್ಬ ಬಡವ, ಪೂಜಿಸುವವನನ್ನೂ ಪೂಜೆಯನ್ನೂ ಪೂಜೆಗೊಳ್ಳುವ ದೈವವನ್ನೂ ಕೈಯ ಕೆಲಸದೊಳಗೆ ಕರಗಿಸುವ ಮಾತನ್ನು ಆಡುತ್ತಿದ್ದಾನೆ. ನನ್ನ ಮಟ್ಟಿಗೆ ಇದು ಅನುಭಾವದ ಅತ್ಯಂತ ಕಠಿಣವಾದ ಹೇಳಿಕೆಗಳಲ್ಲಿ ಒಂದು. ಕಚೇರಿಯ ಗೋಡೆಯ ಮೇಲೆ ಅದು ಹೊತ್ತಿಗೆ ಸರಿಯಾಗಿ ಬಂದು ಕೆಲಸ ಮಾಡಿ ಎಂಬ ಸೂಚನೆಯಾಗಿ ನೇತಾಡುತ್ತಿದೆ.

ಅಕ್ಕಮಹಾದೇವಿಯ ವಿಷಯದಲ್ಲಿ ನಷ್ಟ ಬೇರೆ ಬಗೆಯದು. ನಿಮ್ಮ ಲೇಖನದಲ್ಲಿ ಆಕೆಯ ಐಕ್ಯದ ಆನಂದವನ್ನು ಕುರಿತ ಮಾತು ಧಾರಾಳವಾಗಿದೆ. ಐಕ್ಯವನ್ನು ಕುರಿತ ಆಕೆಯ ವಚನ ಹೀಗಿದೆ: ‘ಲಿಂಗವೆನ್ನೆ ಲಿಂಗೈಕ್ಯವೆನ್ನೆ, ಸಂಗವೆನ್ನೆ ಸಮರಸವೆನ್ನೆ, ಆಯಿತ್ತೆನ್ನೆ ಆಗದೆನ್ನೆ, ನೀನೆನ್ನೆ ನಾನೆನ್ನೆ, ಚೆನ್ನಮಲ್ಲಿಕಾರ್ಜುನಯ್ಯಾ, ಲಿಂಗೈಕ್ಯವಾದ ಬಳಿಕ ಏನೂ ಎನ್ನೆ.’ ಆನಂದದ ಸುಳಿವು ಇಲ್ಲಿ ಎಲ್ಲಿದೆ? ಮೊದಲ ಎರಡು ಸಾಲುಗಳಲ್ಲಿ ಸಾಧಕರು ಆಸೆಪಡುವ ಪದಗಳನ್ನೆಲ್ಲ ಒಂದೊಂದಾಗಿ ಎತ್ತಿ ಕೆಳಗಿಡುತ್ತಾಳೆ. ಮೂರನೆಯ ಸಾಲು ಇನ್ನೂ ನಿಷ್ಠುರವಾದದ್ದು: ಆಯಿತು ಎನ್ನುವುದಿಲ್ಲ, ಹಾಗೆಂದು ಆಗಲಿಲ್ಲ ಎಂದೂ ಅನ್ನುವುದಿಲ್ಲ. ತನಗೆ ಜಾಗೃತಿಯಾಯಿತು ಎಂದು ಸಾರುವವರಿಗೂ, ಅಂಥದ್ದೊಂದು ಇಲ್ಲವೇ ಇಲ್ಲ ಎಂದು ವಾದಿಸುವವರಿಗೂ ಈ ಸಾಲಿನಲ್ಲಿ ಕಾಲೂರಲು ಜಾಗವಿಲ್ಲ. ‘ಏನೂ ಎನ್ನೆ’ ಎಂಬ ಕೊನೆಯ ಮಾತನ್ನಷ್ಟೇ ಬಿಡಿಸಿ ಚೌಕದೊಳಗೆ ಹಾಕಿದರೆ ಅದು ಮೌನದ ಮಹಿಮೆಯನ್ನು ಹೇಳುವ ಸುಭಾಷಿತವಾಗುತ್ತದೆ. ಎಂಟು ನಿರಾಕರಣೆಗಳ ನಂತರ ಬಂದಾಗ ಮಾತ್ರ ಅದಕ್ಕೆ ತೂಕ ಬರುತ್ತದೆ. ಇದೇ ಅಕ್ಕ ಗಿಳಿಗಳನ್ನು, ಕೋಗಿಲೆಗಳನ್ನು, ಕೊಳನ ತಡಿಯಲ್ಲಿ ಆಡುವ ಹಂಸೆಗಳನ್ನು ‘ನೀವು ಕಾಣಿರೆ, ನೀವು ಕಾಣಿರೆ’ ಎಂದು ಕೇಳುತ್ತ ಅಲೆದ ವಚನವನ್ನೂ ಇದರ ಪಕ್ಕದಲ್ಲಿಟ್ಟು ಓದಬೇಕು. ಹಂಬಲದಲ್ಲಿ ಅಷ್ಟು ಮಾತಾಡಿದವಳು ಕೂಡಿದ ಮೇಲೆ ಇಷ್ಟು ಜಿಪುಣಳಾಗುತ್ತಾಳೆ ಎಂಬುದು ಆಕೆಯ ಕಾವ್ಯದ ಬಗ್ಗೆ ನಾವು ತಿಳಿಯಬೇಕಾದ ಮುಖ್ಯ ಸಂಗತಿ.

ಲೇಖನದಲ್ಲಿ ಕಾಣದೇ ಹೋದ ಇನ್ನೊಂದು ವಿಷಯವೆಂದರೆ ಪರೀಕ್ಷೆ. ನಮ್ಮ ಪರಂಪರೆಯಲ್ಲಿ ಜಾಗೃತಿಯಾಯಿತೆಂಬ ಮಾತನ್ನು ಯಾರೂ ಹೇಳಿದೊಡನೆ ಒಪ್ಪಿಕೊಂಡಿಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ವಚನಗಳನ್ನು ಸಂವಾದವಾಗಿ ಹೆಣೆದು ಶೂನ್ಯಸಂಪಾದನೆಯನ್ನು ಕಟ್ಟಿದನು. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಮತ್ತೆ ಮತ್ತೆ ಪರಿಷ್ಕರಿಸಿದರು. ಶರಣರ ಕಾಲದಿಂದ ಮೂರು ಶತಮಾನ ದೂರದ ಈ ಕೃತಿ ಕಲ್ಯಾಣದಲ್ಲಿ ನಡೆದದ್ದರ ವರದಿಯಲ್ಲ ಎಂಬುದು ನಿಜ. ಆದರೆ ಅನುಭಾವವನ್ನು ಹೇಗೆ ಒರೆಗೆ ಹಚ್ಚಬೇಕು ಎಂಬ ವಿವೇಕ ಅದರಲ್ಲಿದೆ. ಸೊನ್ನಲಿಗೆಯಲ್ಲಿ (ಇಂದಿನ ಸೊಲ್ಲಾಪುರ) ಕೆರೆ ಕಟ್ಟಿಸಿ, ಗುಡಿ ಕಟ್ಟಿಸಿ ಹೆಸರಾಗಿದ್ದ ಸಿದ್ಧರಾಮನನ್ನು ಅಲ್ಲಮ ಮಣ್ಣು ಅಗೆಯುವ ‘ಒಡ್ಡ’ನೆಂದು ಕರೆದು ಕೆಣಕುತ್ತಾನೆ; ಯೋಗಿಯೆನಿಸಿಕೊಂಡವನ ಸಿಟ್ಟು ಉರಿದೆದ್ದು ಹೊರಬರುತ್ತದೆ. ವಜ್ರದಷ್ಟು ಗಟ್ಟಿಯಾದ ವಜ್ರಕಾಯವನ್ನು ಸಾಧಿಸಿದ ಯೋಗಿ ಗೋರಕ್ಷನ ಮೈಗೆ ಕತ್ತಿ ತಾಗಿದಾಗ ಖಣಿಲೆಂಬ ಸದ್ದಾಗುತ್ತದೆ, ಅಲ್ಲಮನ ಮೈಯನ್ನು ಅದೇ ಕತ್ತಿ ಗಾಳಿಯನ್ನು ಹಾಯ್ದಂತೆ ಹಾಯ್ದು ಹೋಗುತ್ತದೆ; ಸದ್ದು ಮಾಡುವ ಸಿದ್ಧಿ ಇನ್ನೂ ದೇಹದ್ದೇ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಕಥೆಯನ್ನು ನಾನು ಕಂಡಿಲ್ಲ. ಕಲ್ಯಾಣಕ್ಕೆ ಬಂದ ಅಕ್ಕನನ್ನೂ ಅಲ್ಲಮ ಬಿಡುವುದಿಲ್ಲ. ಉಡುಗೆಯನ್ನು ತೊರೆದವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ ಎಂದು ಕೇಳುತ್ತಾನೆ. ಹಣ್ಣು ಒಳಗೆ ಪಕ್ವವಾಗದೆ ಹೊರಗಿನ ಸಿಪ್ಪೆ ಒಪ್ಪಗೆಡದು, ಕಾಮನ ಮುದ್ರೆಯನ್ನು ಕಂಡು ನಿಮಗೆ ನೋವಾದೀತೆಂದು ಮುಚ್ಚಿಕೊಂಡೆ ಎಂಬುದು ಆಕೆಯ ಉತ್ತರ. ಇಂದು ಎರಡು ದಿನಗಳ ಶಿಬಿರದಲ್ಲಿ ಜಾಗೃತಿಯನ್ನು ಹಂಚುವವರ ಮುಂದೆ ಇಂಥ ಪ್ರಶ್ನೆಗಳನ್ನು ಕೇಳುವವರು ಯಾರಾದರೂ ಕೂತಿರುತ್ತಾರೆಯೇ?

ಅಲ್ಲಮನಿಗೇ ಅರಿವು ಬಂದ ಬಗೆಯನ್ನು ನಮ್ಮ ಕವಿಗಳು ಒಂದೇ ರೀತಿ ಹೇಳಿಲ್ಲ ಎಂಬುದನ್ನೂ ಗಮನಿಸಬೇಕು. ಹರಿಹರನ ರಗಳೆಯಲ್ಲಿ ಅವನು ಮದ್ದಳೆ ಬಾರಿಸುವ, ಕಮಲತೆಯನ್ನು ಪ್ರೀತಿಸಿದ ತರುಣ. ಆಕೆ ಸತ್ತ ದುಃಖದಲ್ಲಿ ಮರುಳನಂತೆ ಅಲೆದು, ಒಂದು ಕಡೆ ಕೂತು ಕಾಲುಗುರಿನಿಂದ ನೆಲವನ್ನು ಕೆದಕುತ್ತಿರುವಾಗ ಹೂತುಹೋದ ಗುಡಿಯ ಕಳಸ ತೋರುತ್ತದೆ. ಅಗೆಸಿ ಒಳಹೊಕ್ಕರೆ ಅಂಗೈಯಲ್ಲಿ ಲಿಂಗ ಹಿಡಿದು ಕೂತ ಅನಿಮಿಷಯ್ಯ ಕಾಣುತ್ತಾನೆ. ಲಿಂಗ ಇವನ ಕೈಗೆ ಬರುತ್ತದೆ, ಅವನ ಪ್ರಾಣ ಹೋಗುತ್ತದೆ. ಹದಿನೈದನೆಯ ಶತಮಾನದ ಚಾಮರಸ ತನ್ನ ಪ್ರಭುಲಿಂಗಲೀಲೆಯಲ್ಲಿ ಈ ಕಥೆಯನ್ನು ಒಪ್ಪಲಿಲ್ಲ. ಅವನ ಅಲ್ಲಮ ಬನವಸೆಯಲ್ಲಿ ಮಾಯೆಗೆ ಸಿಕ್ಕದೆ ಜಾರುವವನು, ಹುಟ್ಟಿನಿಂದಲೇ ಅರಿತವನು. ಅವನಿಗೆ ಎಚ್ಚರವಾಗುವ ಪ್ರಸಂಗವೇ ಬೇಕಿಲ್ಲ. ಭಕ್ತರಿಗೆ ಚಾಮರಸ ಹಿತವೆನಿಸಿದ್ದು ಸಹಜ. ನನಗೆ ಹರಿಹರನೇ ಹತ್ತಿರದವನು, ಏಕೆಂದರೆ ಅವನಲ್ಲಿ ಅರಿವಿನ ಬಾಗಿಲು ತೆರೆಯುವುದು ಏನನ್ನೂ ಹುಡುಕದೆ ದುಃಖದಲ್ಲಿ ನೆಲ ಕೆದಕುತ್ತಿದ್ದವನಿಗೆ. ಎರಡೂ ಪುರಾಣಗಳೇ, ಇತಿಹಾಸವೆಂದು ಯಾವುದನ್ನೂ ಹಿಡಿಯಬೇಕಿಲ್ಲ.

ಜಾಗೃತಿ ಕ್ಷಣದಲ್ಲಿ ಆಗುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಲೇಖಕರು ರಮಣ ಮಹರ್ಷಿಗಳ ಉದಾಹರಣೆ ಕೊಟ್ಟಿದ್ದಾರೆ, ಅದು ಸರಿಯಾದ ಉದಾಹರಣೆಯೂ ಹೌದು. 1896ರ ಜುಲೈ ತಿಂಗಳಲ್ಲಿ ಮದುರೆಯ ಚಿಕ್ಕಪ್ಪನ ಮನೆಯಲ್ಲಿ, 16 ವರ್ಷದ ವೆಂಕಟರಾಮನ್‌ಗೆ ಸಾವಿನ ಭಯ ಇದ್ದಕ್ಕಿದ್ದಂತೆ ಕವಿಯಿತು. ಹೆಣದಂತೆ ಮಲಗಿ, ಸಾಯುವುದು ಯಾರು ಎಂದು ವಿಚಾರಿಸಿದಾಗ ಕೆಲವೇ ನಿಮಿಷಗಳಲ್ಲಿ ಆ ಭಯ ಶಾಶ್ವತವಾಗಿ ಬಿಟ್ಟುಹೋಯಿತು. ಅದೇ ವರ್ಷದ ಸೆಪ್ಟೆಂಬರ್ 1ರಂದು ತಿರುವಣ್ಣಾಮಲೈ ತಲುಪಿದವರು 1950ರಲ್ಲಿ ದೇಹ ಬಿಡುವವರೆಗೆ ಅಲ್ಲಿಂದ ಕದಲಲಿಲ್ಲ. ಆದರೆ ಲೇಖನ ಇಲ್ಲಿಗೆ ನಿಂತುಬಿಟ್ಟಿತು. ಎಷ್ಟೋ ವರ್ಷಗಳ ಮೇಲೆ, ಭಿಕ್ಷೆಗೆ ಹೋಗುವ ಭಕ್ತರು ಹಾಡಲೆಂದು ಅವರು ತಮಿಳಿನಲ್ಲಿ ರಚಿಸಿದ ಅರುಣಾಚಲ ಅಕ್ಷರಮಣಮಾಲೆಯ 108 ದ್ವಿಪದಿಗಳಲ್ಲಿ ಕಾಣುವುದು ನಲ್ಲನಿಗಾಗಿ ಕಾತರಿಸುವ, ಅವನನ್ನು ಬೇಡುವ, ಜಗಳವಾಡುವ ಹೆಣ್ಣಿನ ದನಿ. ಮುಟ್ಟಬೇಕಾದಲ್ಲಿಗೆ ಮುಟ್ಟಿದವರು ಇನ್ನೂ ಹಂಬಲಿಸುವವರ ಭಾಷೆಯಲ್ಲಿ ಏಕೆ ಬರೆದರು? ಭಕ್ತರಿಗಾಗಿ ಎನ್ನುವುದು ಒಂದು ಉತ್ತರ. ಅದು ಇಡೀ ಉತ್ತರವೆಂದು ನನಗೆ ಅನ್ನಿಸುವುದಿಲ್ಲ. ಜಮಖಂಡಿಯಲ್ಲಿ ಹುಟ್ಟಿ ನಿಂಬಾಳದಲ್ಲಿ ನೆಲೆಸಿದ್ದ ಗುರುದೇವ ರಾನಡೆಯವರು ಮಹಾರಾಷ್ಟ್ರದ ಸಂತರನ್ನು ಕುರಿತು 1933ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತುಕಾರಾಮನ ಆನಂದದ ಅಭಂಗಗಳಿಗೆ ಹಾರಿ ಹೋಗದೆ, ಅವನ ಕಂಗಾಲಿನ ಅಭಂಗಗಳಿಗೂ ಪೂರ್ಣ ಗಮನ ಕೊಟ್ಟದ್ದನ್ನು ಇಲ್ಲಿ ನೆನೆಯಬಹುದು.

ಕೊನೆಯ ಸಾಲು ಉಳಿದುಕೊಂಡ ಕಡೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಶಿಶುನಾಳ ಶರೀಫರೇ ಸಾಕ್ಷಿ. ‘ಕೋಡಗನ್ನ ಕೋಳಿ ನುಂಗಿತ್ತ’ ಬೆಡಗಿನ ಪದ, ಎಂದರೆ ಅರ್ಥವನ್ನು ಒಗಟಿನಂತೆ ಮರೆಸಿ ಹೇಳುವ ಹಾಡು. ಆಡು ಆನೆಯನ್ನು, ಗೋಡೆ ಸುಣ್ಣವನ್ನು ನುಂಗುವ ಈ ಪದವನ್ನು ಕೇಳಿ ಮಕ್ಕಳು ನಗುತ್ತಾರೆ, ನಗಲೂ ಬೇಕು. ಆದರೆ ಹಾಡುವವರು ಅದನ್ನು ಎಲ್ಲೆಂದರಲ್ಲಿ ನಿಲ್ಲಿಸಲಾರರು. ಗೋವಿಂದ ಗುರುವಿನ ಪಾದ ಹಾಡುವವನನ್ನೇ ನುಂಗುವವರೆಗೆ ಪಲ್ಲವಿ ಅವರನ್ನು ಎಳೆದುಕೊಂಡು ಹೋಗುತ್ತದೆ. ಹೀಗೆ ಹಾಡಾಗಿ ಬಂದದ್ದು ಇಡಿಯಾಗಿ ಉಳಿದಿದೆ, ಅಚ್ಚಾಗಿ ಬಂದದ್ದು ತುಂಡಾಗುತ್ತಿದೆ. ಓದು ಬರಹ ಹೆಚ್ಚಿದ ಕಾಲದಲ್ಲಿ ಇದು ವಿಚಿತ್ರವೇ ಸರಿ.

ಇನ್ನು ನನ್ನ ಕೋರಿಕೆ. ತಾಡವಾಲೆಗಳಲ್ಲಿ ಚೆದುರಿದ್ದ ವಚನಗಳನ್ನು ಹುಡುಕಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದ ಫ. ಗು. ಹಳಕಟ್ಟಿಯವರು, ಮುದ್ರಣಕ್ಕೆ ಬೇರೆಯವರನ್ನು ನಂಬಿ ಕೂರಲಾಗದೆ ವಿಜಯಪುರದಲ್ಲಿ ಸ್ವಂತ ಮುದ್ರಣಾಲಯವನ್ನೇ ತೆರೆದರು, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿದರು. ಅಂಥ ಶ್ರಮದ ಫಲವಾಗಿ ಇಂದು ಸರ್ಕಾರವೇ ಪ್ರಕಟಿಸಿದ 15 ಸಮಗ್ರ ವಚನ ಸಂಪುಟಗಳು ನಮ್ಮ ಕೈಯಲ್ಲಿವೆ. ಬಸವಣ್ಣನವರದು ಮೊದಲನೆಯದು, ಅಲ್ಲಮನದು ಎರಡನೆಯದು, ಅಕ್ಕ ಮತ್ತಿತರ ಶರಣೆಯರದು ಐದನೆಯದು. ಅವುಗಳಲ್ಲಿ ಪ್ರತಿ ವಚನಕ್ಕೂ ಸಂಖ್ಯೆಯಿದೆ. ನಿಮ್ಮ ಪತ್ರಿಕೆ ಪ್ರಕಟಿಸುವ ವಚನವನ್ನು ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂಬಂಥ ಅಂಕಿತದೊಂದಿಗೆ ಇಡಿಯಾಗಿ, ಕೆಳಗೆ ಸಂಪುಟ ಮತ್ತು ವಚನದ ಸಂಖ್ಯೆಯನ್ನು ನಮೂದಿಸಿ ಹಾಕಬೇಕು. ಮೊಬೈಲ್‌ಗಳಲ್ಲಿ ಬಸವಣ್ಣನವರ ಹೆಸರಿನಲ್ಲಿ, ಅಕ್ಕನ ಹೆಸರಿನಲ್ಲಿ ಹರಿದಾಡುವ ಹುಸಿ ವಚನಗಳನ್ನು ಓದುಗರು ಗುರುತಿಸಿಕೊಳ್ಳಲು ಈ ಒಂದು ಸಂಖ್ಯೆ ಎಷ್ಟೋ ನೆರವಾಗುತ್ತದೆ. ದೀರ್ಘವಾದ ವಚನ ಚೌಕದಲ್ಲಿ ಹಿಡಿಸದಿದ್ದರೆ ಆ ದಿನ ಚಿಕ್ಕದೊಂದನ್ನು ಆರಿಸಿಕೊಳ್ಳಲಿ. ಎರಡು ಮೂರು ಸಾಲಿನ ವಚನಗಳಿಗೆ ಬರವಿಲ್ಲ. ವಾರಕ್ಕೊಮ್ಮೆಯಾದರೂ ಅಲ್ಲಮನ ಒಂದು ಬೆಡಗಿನ ವಚನವನ್ನು ಹಳೆಯ ಟೀಕೆಯ (ವ್ಯಾಖ್ಯಾನದ) ಸಮೇತ ಪುರವಣಿಯಲ್ಲಿ ಕೊಟ್ಟರೆ ಇನ್ನೂ ಸಂತೋಷ. ಟೀಕೆ ಬರೆದವರು ಒಬ್ಬರನ್ನೊಬ್ಬರು ಒಪ್ಪದ ಕಡೆ ಎರಡೂ ಟೀಕೆಗಳನ್ನು ಕೊಡಿ, ಯಾವುದು ಸರಿಯೆಂದು ನಿಮ್ಮ ಕಡೆಯಿಂದ ತೀರ್ಪು ಬೇಡ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಕ, ಧಾರವಾಡ