ಪುಟ್ಟಿಗೆ, ಕರೆಂಟಿನ ವಿಚಾರ

ಪ್ರೀತಿಯ ಪುಟ್ಟೀ,

ಚಿಕ್ಕಪ್ಪನ ಆಶೀರ್ವಾದಗಳು. ಹಬ್ಬಕ್ಕೆ ಬಂದಾಗ ರಾತ್ರಿಯೆಲ್ಲ ಕರೆಂಟ್ ಇಲ್ಲ ಅಂತ ಸಿಟ್ಟಾದೆ. "ಕರೆಂಟ್ ಹಂಚುವ ಕೆಲಸ ಖಾಸಗಿಯವರಿಗೆ ಕೊಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತೆ" ಅಂದೆ. ನಾನು ಸುಮ್ನಿದ್ದೆ. ಮೂವತ್ತು ವರ್ಷ ಮೀಟರ್ ಓದಿದವನು, ಬಾಯಿ ಬಿಟ್ಟರೆ ಇಲಾಖೆಯ ಪರ ವಕಾಲತ್ತು ಅನ್ನುತ್ತೀಯಲ್ವಾ!

ನಿನ್ನ ಸಿಟ್ಟು ಸುಳ್ಳಲ್ಲ. ಹೋದ ವರ್ಷ ನಮ್ಮ ಹೊಲದ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟುಹೋಯಿತು. ಹದಿನೆಂಟು ದಿನ ಕಾದೆವು. ಕೊನೆಗೆ ನಾಲ್ಕು ಜನ ರೈತರು ಡೀಸೆಲ್ಲಿಗೆ ದುಡ್ಡು ಹಾಕಿ, ಸುಟ್ಟದ್ದನ್ನು ಟ್ರ್ಯಾಕ್ಟರಿಗೆ ಹೇರಿಕೊಂಡು ಹೋಗಿ, ರಿಪೇರಿಯಾದದ್ದನ್ನು ತಂದೆವು. ಅಷ್ಟರಲ್ಲಿ ಟೊಮೆಟೊ ಗಿಡ ಅರ್ಧ ಒಣಗಿತ್ತು. ಅಲ್ಲೇ ದುಡಿದವನಿಗೇ ಈ ಗತಿ.

ದೆಹಲಿಯಲ್ಲಿ 2002ರಲ್ಲಿ ಖಾಸಗಿಯವರಿಗೆ ಕೊಟ್ಟರು. ಆಗ ಸುಮಾರು ಅರ್ಧ ಕರೆಂಟಿಗೆ ದುಡ್ಡೇ ಬರುತ್ತಿರಲಿಲ್ಲ. ಈಗ ಆ ನಷ್ಟ ನೂರಕ್ಕೆ ಹತ್ತಕ್ಕಿಂತ ಕಡಿಮೆ. ಒಪ್ಪಬೇಕಾದ ಮಾತು. ಆದರೆ ಅಲ್ಲೂ ಸರ್ಕಾರ ನೂರಕ್ಕೆ 49 ಪಾಲು ತಾನೇ ಇಟ್ಟುಕೊಂಡಿತು. ಮೊದಲ ವರ್ಷಗಳಲ್ಲಿ ಬೊಕ್ಕಸದಿಂದ ಸಾವಿರಾರು ಕೋಟಿ ಸುರಿಯಿತು. ಮೇಲಾಗಿ ಅದು ಒತ್ತೊತ್ತಾಗಿ ಮನೆಗಳಿರುವ ಊರು. ನಮ್ಮಲ್ಲಿ ಒಂದು ಪಂಪ್‌ಸೆಟ್ಟಿಗೆ ಹತ್ತು ಕಂಬ ನೆಡಬೇಕು.

ಒಡಿಶಾದಲ್ಲಿ 1999ರಲ್ಲೇ ಕೊಟ್ಟಿದ್ದರು. ಅದೇ ವರ್ಷ ಭಾರಿ ಚಂಡಮಾರುತ ಬಂದು ಕಂಬಗಳೆಲ್ಲ ನೆಲಕ್ಕೆ ಬಿದ್ದವು. ಒಂದು ಭಾಗ ನೋಡಿಕೊಳ್ಳುತ್ತಿದ್ದ ಅಮೆರಿಕದ ಕಂಪನಿ 2001ರಲ್ಲಿ ಕೈತೊಳೆದುಕೊಂಡು ಹೋಯಿತು. ಉಳಿದ ಮೂರು ಭಾಗದ ಲೈಸೆನ್ಸ್ 2015ರಲ್ಲಿ ರದ್ದಾಯಿತು. ಈಗ ಮತ್ತೊಂದು ಕಂಪನಿಗೆ ಕೊಟ್ಟಿದ್ದಾರೆ. ನಡುವಿನ ವರ್ಷಗಳ ತೊಂದರೆ ಅನುಭವಿಸಿದವರು ಬಿಲ್ಲು ಕಟ್ಟುವ ಜನ.

ಇಷ್ಟಾದರೂ ನನ್ನನ್ನು ಹೆಚ್ಚು ಕಾಡುವುದು ಮೀಟರ್ ಇಲ್ಲದ ಪಂಪ್‌ಸೆಟ್. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗೆ ರೈತ ಬಿಲ್ಲು ಕಟ್ಟಬೇಕಾಗಿಲ್ಲ, ಸರ್ಕಾರ ಕಟ್ಟುತ್ತದೆ. ಎಷ್ಟು ಯೂನಿಟ್ ಅಂತ ಹೇಳುವುದು ಬಹುಪಾಲು ಅಂದಾಜಿನಲ್ಲಿ. ಊರಲ್ಲಿ ಕೊಕ್ಕೆ ಹಾಕಿ ಕದ್ದದ್ದು, ಹಳೇ ತಂತಿಯಲ್ಲಿ ಸೋರಿದ್ದು, ಎಲ್ಲವನ್ನೂ ರೈತನ ಲೆಕ್ಕಕ್ಕೆ ತಳ್ಳುವುದು ಎಷ್ಟು ಸುಲಭ ನೋಡು. ನಾಳೆ ಕಂಪನಿ ಬಂದರೂ ಅದೇ ಅಂದಾಜಿನ ಪಟ್ಟಿ ಹಿಡಿದು ಸರ್ಕಾರದಿಂದ ದುಡ್ಡು ಕೇಳುತ್ತದೆ. ಬೆಂಗಳೂರಿನ ಅಂಗಡಿ, ಫ್ಯಾಕ್ಟರಿ ಅಂದರೆ ಓಡಿ ಬರುತ್ತಾರೆ. ಕೆನೆ ಅವರಿಗೆ, ನೀರು ಮಜ್ಜಿಗೆ ನಮಗೆ.

ಅದಕ್ಕೇ ಹೇಳುತ್ತೇನೆ, ಯಾರಿಗೆ ಕೊಡಬೇಕು ಅನ್ನುವ ಮೊದಲು ಪ್ರತಿ ಟಿಸಿಗೂ ಒಂದು ಮೀಟರ್ ಕೇಳು. ಟಿಸಿ ಸುಟ್ಟರೆ ಎಷ್ಟು ದಿನದಲ್ಲಿ ಬದಲಾಯಿಸುತ್ತೀರಿ, ತಪ್ಪಿದರೆ ದಂಡ ಎಷ್ಟು, ಅದನ್ನೂ ಕೇಳು. ದರ ಪರಿಷ್ಕರಣೆಗೆ ಮುಂಚೆ ಕೆಇಆರ್‌ಸಿ, ಅಂದರೆ ಕರೆಂಟ್ ದರ ನಿಗದಿ ಮಾಡುವ ರಾಜ್ಯದ ಆಯೋಗ, ಸಾರ್ವಜನಿಕರಿಂದ ಆಕ್ಷೇಪಣೆ ತೆಗೆದುಕೊಳ್ಳುತ್ತದೆ, ವಿಚಾರಣೆಯನ್ನೂ ನಡೆಸುತ್ತದೆ. ಯಾರು ಬೇಕಾದರೂ ಬರೆದುಕೊಡಬಹುದು. ಇಷ್ಟು ವರ್ಷದಲ್ಲಿ ನಾನೇ ಒಂದು ಸಲವೂ ಹೋಗಲಿಲ್ಲ ಅಂತ ನಾಚಿಕೆ.

ಈ ಸಲ ನೀನು ಆಕ್ಷೇಪಣೆ ಟೈಪ್ ಮಾಡು. ನನ್ನ ಅಕ್ಷರ ಯಾರಿಗೂ ಅರ್ಥವಾಗಲ್ಲ. ಹದಿನೆಂಟು ದಿನದ ಕಥೆ, ಟ್ರ್ಯಾಕ್ಟರ್ ಡೀಸೆಲ್ ರಶೀದಿ ಎರಡೂ ನನ್ನ ಹತ್ತಿರ ಇವೆ.

ನಿನ್ನ ಚಿಕ್ಕಪ್ಪ