ಮಗಳಿಗೊಂದು ಪತ್ರ: ಮಾತ್ರೆ ಡಬ್ಬಿಯ ಚೀಟಿ ಬಿಸಾಡಬೇಡ

ಪ್ರೀತಿಯ ಮಗಳೇ,

ಮೊಡವೆ ಮಾತ್ರೆ ಶುರು ಮಾಡಿದ ಮೇಲೆ ಹೊಟ್ಟೆ ಕೆಟ್ಟಿದೆ, ಕಂಪನಿ ಮೇಲೆ ಕೇಸ್ ಹಾಕಬಹುದಾ ಅಂತ ಕೇಳಿದ್ದೀಯ. ಕೇಸಿನ ಮಾತು ಆಮೇಲೆ. ಮೊದಲು ಡಾಕ್ಟರಿಗೆ ಫೋನ್ ಮಾಡು. ಹೊಟ್ಟೆನೋವು, ಭೇದಿ ಜೋರಾದರೆ ಅಥವಾ ಮಲದಲ್ಲಿ ರಕ್ತ ಕಂಡರೆ ಮಾತ್ರೆ ನಿಲ್ಲಿಸಿ ಅವತ್ತೇ ಹೋಗಿ ತೋರಿಸು. ಮುಖದ ಚಿಂತೆ ಈಗ ಬೇಡ.

ನೀನು ತಗೊಳ್ಳುತ್ತಿರುವ ಐಸೊಟ್ರೆಟಿನಾಯಿನ್ ಕೆಟ್ಟ ಔಷಧಿ ಅಂತ ನಾನು ಹೇಳುವುದಿಲ್ಲ. ವಿಟಮಿನ್ ಎ ಜಾತಿಗೆ ಸೇರಿದ್ದು. ಚರ್ಮದ ಎಣ್ಣೆ ಗ್ರಂಥಿಗಳನ್ನೇ ಕುಗ್ಗಿಸುತ್ತದೆ. ಬೇರೆ ಯಾವುದಕ್ಕೂ ಬಗ್ಗದ ಗಂಟು ಮೊಡವೆ ಇದಕ್ಕೆ ಬಗ್ಗುವುದು ಅದಕ್ಕೇ. ನಿನ್ನ ತುಟಿ ಒಡೆಯುವುದು, ಕಣ್ಣು ಉರಿಯುವುದು ಸುಮಾರು ಎಲ್ಲರಿಗೂ ಆಗುವಂಥದ್ದೇ. ರಕ್ತದಲ್ಲಿ ಕೊಬ್ಬು ಏರಬಹುದು, ಲಿವರ್‌ಗೆ ತೊಂದರೆಯಾಗಬಹುದು. ರಕ್ತ ಪರೀಕ್ಷೆ ಬರೆದುಕೊಡುವುದು ಸುಮ್ನೆ ಅಲ್ಲ.

ನನಗೆ ಜಾಸ್ತಿ ಹೆದರಿಕೆ ಇರುವುದು ಬೇರೆ ಮೂರು ವಿಷಯಕ್ಕೆ. ಮುಜುಗರ ಪಡದೆ ಓದು. ಈ ಮಾತ್ರೆ ತಗೊಳ್ಳುವಾಗ ಗರ್ಭ ನಿಂತರೆ ಮಗುವಿನ ಮಿದುಳು, ಹೃದಯ, ಮುಖ, ಕಿವಿಗೆ ಘೋರ ಹಾನಿಯಾಗಬಹುದು. ಅದಕ್ಕೇ ಅಮೆರಿಕದಲ್ಲಿ 2006ರಿಂದ ಐಪ್ಲೆಡ್ಜ್ ಅನ್ನುವ, ಗರ್ಭ ಇಲ್ಲ ಅಂತ ಖಚಿತ ಮಾಡಿಕೊಂಡೇ ಮಾತ್ರೆ ಕೊಡುವ ಕಡ್ಡಾಯ ವ್ಯವಸ್ಥೆ ಇದೆ. ಮಾತ್ರೆ ನಿಲ್ಲಿಸಿದ ಮೇಲೂ ಒಂದು ತಿಂಗಳು ಎಚ್ಚರ ಬೇಕು, ರಕ್ತದಾನವನ್ನೂ ಮಾಡುವ ಹಾಗಿಲ್ಲ. ಎರಡನೆಯದು, ಮೊದಲು ಕೊಟ್ಟಿದ್ದ ಡಾಕ್ಸಿಸೈಕ್ಲಿನ್ ಅನ್ನುವ ಆ್ಯಂಟಿಬಯೋಟಿಕ್ ಉಳಿದಿದ್ದರೆ ಇದರ ಜೊತೆ ನುಂಗಬೇಡ. ತಲೆಯೊಳಗೆ ಒತ್ತಡ ಏರಬಹುದು. ತಡೆಯಲಾರದ ತಲೆನೋವಿನ ಜೊತೆ ಕಣ್ಣು ಮಂಜಾದರೆ ನೇರ ಆಸ್ಪತ್ರೆಗೆ ಹೋಗು. ಮೂರನೆಯದು ಮನಸ್ಸು. ಕಾರಣವಿಲ್ಲದೆ ಅಳು, ಯಾರೂ ಬೇಡ ಅನ್ನಿಸುವುದು, ಬದುಕೇ ಬೇಡ ಅನ್ನಿಸುವುದು ಶುರುವಾದರೆ ರಾತ್ರಿ ಎಷ್ಟೊತ್ತಾದರೂ ನನಗೆ ಫೋನ್ ಮಾಡು. ಅದು ಮಾತ್ರೆಯಿಂದಲೋ ಬೇರೆಯದರಿಂದಲೋ ಅಂತ ಲೆಕ್ಕ ಹಾಕುತ್ತಾ ಕೂರಬೇಡ.

ಈಗ ಕೇಸಿನ ಮಾತು. ಇದೇ ಔಷಧಿ ಅಕ್ಯುಟೇನ್ ಹೆಸರಿನಲ್ಲಿ 1982ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಕರುಳಿನ ಉರಿಯೂತ ಬಂತು ಅಂತ ಸಾವಿರಾರು ಜನ ಅದನ್ನು ತಯಾರಿಸುತ್ತಿದ್ದ ರೋಶ್ ಕಂಪನಿ ಮೇಲೆ ಕೇಸ್ ಹಾಕಿದರು. 2009ರಲ್ಲಿ ಕಂಪನಿ ಅಲ್ಲಿ ಆ ಬ್ರ್ಯಾಂಡ್ ನಿಲ್ಲಿಸಿತು. ಬೇರೆ ಕಂಪನಿಗಳ ಅದೇ ಮಾತ್ರೆ ಇವತ್ತಿಗೂ ಸಿಗುತ್ತದೆ. ಕೇಸ್ ಹಾಕಿದವರಲ್ಲಿ ಒಬ್ಬನಿಗೆ ಸುಮಾರು 2.5 ಕೋಟಿ ಡಾಲರ್ ಪರಿಹಾರದ ತೀರ್ಪು ಬಂತು. ಆಮೇಲೆ ಆ ಕೇಸು ವರ್ಷಗಟ್ಟಲೆ ನಡೆದದ್ದು ಕೇಸ್ ಹಾಕುವ ಗಡುವು ಯಾವ ರಾಜ್ಯದ್ದು ಅನ್ನುವ ಜಗಳದ ಮೇಲೆ! 2017ರಲ್ಲಿ ಅವನ ಪರವಾಯಿತು. ಮರುವರ್ಷ ನ್ಯೂಜೆರ್ಸಿಯ ಸುಪ್ರೀಂ ಕೋರ್ಟು ಎರಡು ಸಾವಿರಕ್ಕೂ ಹೆಚ್ಚು ಕೇಸುಗಳನ್ನು ಒಟ್ಟಿಗೇ ಬೀಳಿಸಿತು. ಮಾತ್ರೆಯಿಂದಲೇ ಈ ಕಾಯಿಲೆ ಅನ್ನುವ ತಜ್ಞರ ವಾದಕ್ಕೆ ವಿಜ್ಞಾನದ ಗಟ್ಟಿ ಆಧಾರ ಇಲ್ಲ ಅಂದಿತು. ಮಾತ್ರೆಗೂ ಕರುಳಿನ ಕಾಯಿಲೆಗೂ ನಂಟು ಇದೆಯಾ ಅಂತ ಹುಡುಕಿದ ದೊಡ್ಡ ಅಧ್ಯಯನಗಳಲ್ಲೂ ಬಹುಪಾಲಿಗೆ ಅದು ಸಿಕ್ಕಿಲ್ಲ.

ನೋವು ಅನುಭವಿಸಿದವರಿಗೆ ಇದು ಕ್ರೂರ ಅನ್ನಿಸುತ್ತೆ, ಅಲ್ವಾ? ಆದರೆ ಮಾತ್ರೆ ತಗೊಂಡ ಮೇಲೆ ಆಯಿತು ಅನ್ನುವುದು ಕೋರ್ಟಿಗೆ ಸಾಲದು. ಮಾತ್ರೆಯಿಂದಲೇ ಆಯಿತು ಅಂತ ತೋರಿಸಬೇಕು. ಇನ್ನೊಂದು ತೊಡಕಿದೆ. ಡಬ್ಬಿಯೊಳಗೆ ಮಡಚಿಟ್ಟ ಆ ಸಣ್ಣಕ್ಷರದ ಚೀಟಿಯನ್ನೇ ಕಂಪನಿ ಮುಂದೆ ಹಿಡಿಯುತ್ತದೆ: ನಾವು ಎಚ್ಚರಿಸಿದ್ದೆವಲ್ಲ ಅಂತ. ಹಾಗಾಗಿ ಅದರಲ್ಲಿ ಏನಿದೆ, ಏನಿಲ್ಲ ಅನ್ನುವುದೇ ಮುಖ್ಯ. ಡಾಕ್ಟರು ಅಪಾಯ ಹೇಳಲೇ ಇಲ್ಲ, ಪರೀಕ್ಷೆ ಮಾಡಿಸಲೇ ಇಲ್ಲ ಅಂದರೆ ಅದು ಬೇರೆ ದೂರು, ಅವರ ಮೇಲಿನದು. ಡಾಕ್ಟರ ಚೀಟಿ ಇಲ್ಲದೆ ಅಂಗಡಿಯವರು ಕೊಟ್ಟಿದ್ದರೆ ಅದೂ ಬೇರೆ. ಮೂರನ್ನೂ ಒಂದೇ ಗಂಟು ಕಟ್ಟಬೇಡ.

ಖಾಲಿ ಸ್ಟ್ರಿಪ್ಪು, ಬ್ಯಾಚ್ ನಂಬರ್ ಕಾಣುವ ಹಾಗೆ, ಎತ್ತಿಡು. ಡಬ್ಬಿಯೊಳಗಿನ ಚೀಟಿ, ಡಾಕ್ಟರ ಚೀಟಿ, ಬಿಲ್ಲು, ರಿಪೋರ್ಟು ಕೂಡ. ಯಾವತ್ತು ಏನಾಯಿತು ಅಂತ ತಾರೀಖು ಹಾಕಿ ಬರೆದಿಡು. ಔಷಧಿಗಳ ಅಡ್ಡಪರಿಣಾಮ ದಾಖಲಿಸುವ ಸರ್ಕಾರಿ ವಿಭಾಗಕ್ಕೆ ವರದಿ ಕೊಡಲು ಡಾಕ್ಟರಿಗೆ ಹೇಳು. ಅದಕ್ಕೆ ಕೇಸ್ ಗೆಲ್ಲಬೇಕಿಲ್ಲ. ವಕೀಲರನ್ನು ಕಾಣುವುದಾದರೆ ಬೇಗ ಕಾಣು, ಗಡುವು ಒಂದೊಂದು ಕಡೆ ಒಂದೊಂದು ಥರ. ಯಾರಾದರೂ ದುಡ್ಡು ಕೊಟ್ಟು ಸಹಿ ಕೇಳಿದರೆ ವಕೀಲರಿಗೆ ತೋರಿಸದೆ ಹಾಕಬೇಡ.

ಮಾತ್ರೆ ಶುರು ಮಾಡುವ ಮೊದಲು ನಿನಗೆ ರಕ್ತ ಪರೀಕ್ಷೆ ಮಾಡಿಸಿದ್ರಾ? ಮಾಡಿಸಿದ್ದರೆ ಆ ರಿಪೋರ್ಟಿನ ಫೋಟೊ ಇವತ್ತೇ ಕಳಿಸು.

ನಿನ್ನ
ಅಮ್ಮ