ಎರಡನೆಯ ಬಾಟಲಿ: ಉತ್ತರ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಶಿರಸಿ ತಾಲೂಕಿನ ಅಡಿಕೆ ಬೆಳೆಗಾರ. ನನ್ನ ಅಪ್ಪನ ಕಾಲಿನ ವಿಷಯ ತಮ್ಮ ಗಮನಕ್ಕೆ ತರಬೇಕಾಗಿದೆ.

ಸೊಪ್ಪಿನ ಬೆಟ್ಟದಲ್ಲಿ ದರಕು (ಉದುರಿದ ಒಣ ಎಲೆ) ಗುಡಿಸುವಾಗ ಅಪ್ಪನಿಗೆ ಮುಳ್ಳು ಚುಚ್ಚಿತು. ಕಿತ್ತೆಸೆದು ಮರೆತರು. ಕೆಲವು ತಿಂಗಳ ಮೇಲೆ ಅಲ್ಲಿ ನರಹುಲಿಯಂಥ ಗಂಟು ಎದ್ದಿತು. ನಾಲ್ಕು ವರ್ಷದಲ್ಲಿ ಅದು ಹೂಕೋಸಿನಂತೆ ಅಂಗೈಯಗಲ ಹರಡಿತು. ಮೇಲೆಲ್ಲ ಕಾಳುಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳು. ಅಷ್ಟರಲ್ಲಿ ಕಜ್ಜಿಯ ಮುಲಾಮು, ಸ್ಟಿರಾಯ್ಡ್ ಮುಲಾಮು, ಚರ್ಮದ ಕ್ಷಯವಿರಬಹುದೆಂದು ಆರು ತಿಂಗಳ ಮಾತ್ರೆ, ಎಲ್ಲವೂ ಆಗಿದ್ದವು. ಒಂದು ಆಸ್ಪತ್ರೆಯಲ್ಲಿ ಬಯಾಪ್ಸಿಯನ್ನೂ ಮಾಡಿದರು. ಆದರೆ ತೆಗೆದ ತುಂಡನ್ನು ಪೂರ್ತಿಯಾಗಿ, ಕೆಡದಂತೆ ಇಡುವ ದ್ರಾವಣವಾದ ಫಾರ್ಮಲಿನ್‌ಗೆ ಹಾಕಿಬಿಟ್ಟರು. ಗಂಟಿಗೆ ಶಿಲೀಂಧ್ರ ಕಾರಣವಾಗಿದ್ದರೆ ಆ ದ್ರಾವಣದಲ್ಲಿ ಅದು ಸಾಯುತ್ತದೆ, ಮತ್ತೆ ಬೆಳೆಸಿ ನೋಡಲು ಬರುವುದಿಲ್ಲ. ಅರ್ಧ ತುಂಡನ್ನು ಸಲೈನ್ ಇದ್ದ ಇನ್ನೊಂದು ಬಾಟಲಿಗೆ ಹಾಕಿದ್ದರೆ ಸಾಕಿತ್ತು.

ಕೊನೆಗೆ ಜಿಲ್ಲೆಯಾಚೆ ಒಬ್ಬ ಚರ್ಮರೋಗ ತಜ್ಞೆ ಆ ಕಪ್ಪು ಚುಕ್ಕೆಯನ್ನೇ ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ, ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ತಾಮ್ರದ ಕಾಸಿನಂಥ ಕಂದು ಬಣ್ಣದ ದುಂಡು ಕೋಶಗಳು, ಒಳಗೆ ಅಡ್ಡಗೆರೆ. ಕ್ರೋಮೋಬ್ಲಾಸ್ಟೋಮೈಕೋಸಿಸ್ ಎಂದರು, ಅಂದರೆ ಗಾಯದ ಮೂಲಕ ಚರ್ಮದೊಳಗೆ ಹೊಕ್ಕ ಶಿಲೀಂಧ್ರದ ರೋಗ.

ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಪಾದ ಊದಿ ಗಂಟಾಗಿ ಕೀವು ಸೋರುವ ಮೈಸೆಟೋಮಾವನ್ನು, 2017ರಲ್ಲಿ ಈ ರೋಗವನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಮೈಸೆಟೋಮಾ ಶಿಲೀಂಧ್ರದಿಂದಲೂ ಬರುತ್ತದೆ, ಬ್ಯಾಕ್ಟೀರಿಯಾದಿಂದಲೂ ಬರುತ್ತದೆ; ಎರಡಕ್ಕೂ ಔಷಧ ಬೇರೆ ಬೇರೆ. ಊಹೆಯ ಮೇಲೆ ಮದ್ದು ಕೊಟ್ಟರೆ ಕಾಲೇ ಹೋದೀತು. ಮಂಗನ ಕಾಯಿಲೆಯೆಂದರೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಮಣ್ಣು, ಕೊಳೆತ ಸೊಪ್ಪು, ಮುಳ್ಳುಗಳಿಂದ ಬರುವ ಈ ರೋಗಗಳ ಹೆಸರನ್ನು ಬರಿಗಾಲಲ್ಲಿ ದುಡಿಯುವವರು ಕೇಳಿಯೇ ಇಲ್ಲ.

ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗಿನಲ್ಲಿ ನನ್ನ ದನಿಯೂ ಇದೆ. ಆದರೆ ಈ ಕೆಲಸ ಅದಕ್ಕಾಗಿ ಕಾಯಬೇಕಿಲ್ಲ. ತಾಲೂಕು ಆಸ್ಪತ್ರೆಗಳ ಪ್ರಯೋಗಾಲಯ ಸಿಬ್ಬಂದಿಗೆ ಕೆರೆದು ನೋಡುವ ಪರೀಕ್ಷೆಯನ್ನು ಕಲಿಸಿ. ಬಯಾಪ್ಸಿ ಮಾಡುವಲ್ಲೆಲ್ಲ ಎರಡು ಬಾಟಲಿ ಇರಲಿ. ಸಲೈನಿನದು ಕಾರವಾರದ ವೈದ್ಯಕೀಯ ಕಾಲೇಜಿಗೆ ಬೇಗ ತಲುಪಲಿ. ಶಿಲೀಂಧ್ರದ ಔಷಧವಾದ ಇಟ್ರಕೊನಜೋಲ್ ಅನ್ನು ಚಿಕಿತ್ಸೆ ಮುಗಿಯುವವರೆಗೂ ಉಚಿತವಾಗಿ ಕೊಡಿಸಿ. ಅಪ್ಪನಿಗೆ ಇದು ಒಂಬತ್ತನೆಯ ತಿಂಗಳು. ಗಂಟು ಚಪ್ಪಟೆಯಾಗಿದೆ, ಚಿಕಿತ್ಸೆ ಇನ್ನೂ ಮುಗಿದಿಲ್ಲ. ಕೂಲಿಯವರು ಇಷ್ಟು ದಿನ ಕೊಂಡು ನುಂಗಲಾರರು, ನಡುವೆ ಬಿಟ್ಟರೆ ಗಂಟು ಮತ್ತೆ ಏಳುತ್ತದೆ.

ನಮ್ಮ ತೋಟಕ್ಕೆ ಅಡಿಕೆ ಕೊನೆ ಕೊಯ್ಯಲು ಬರುವವರೊಬ್ಬರ ಹಿಮ್ಮಡಿಯ ಬಳಿ ಈಗ ಅಂಥದೇ ಗಂಟು ಕಾಣಿಸಿದೆ. ಅವರನ್ನು ನಾನು ಎಲ್ಲಿಗೆ ಕಳುಹಿಸಲಿ, ದಯವಿಟ್ಟು ತಿಳಿಸಿ.

ಇಂತಿ,
ಶಿರಸಿ ತಾಲೂಕಿನ ಒಬ್ಬ ರೈತ